ಹಿಂಬದಿ ಕಿರಿದಾದಾಗ ಲೆಕ್ಕ ಹಿರಿದಾಗುತ್ತದೆ

1970ರ ಆಸುಪಾಸಿನಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದ ಬಾಲಕರು ಮೋಟಾರ್‌ಸೈಕಲ್ ಪಂದ್ಯಗಳನ್ನು ಅನುಕರಿಸಿ, ಮಣ್ಣಿನ ದಿಬ್ಬಗಳ ಮೇಲೆ ತಮ್ಮ ಪುಟ್ಟ ಸೈಕಲ್‌ಗಳನ್ನು ಓಡಿಸತೊಡಗಿದರು. ಆ ಆಟವೇ ಬಿಎಂಎಕ್ಸ್ ಎಂಬ ಹೆಸರು ಪಡೆದು, 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ ಪ್ರವೇಶಿಸಿತು. 20 ಇಂಚಿನ ಚಕ್ರಗಳ ಈ ಸೈಕಲ್ ನೋಟಕ್ಕೆ ಸರಳ. ಅದರ ಚೌಕಟ್ಟಿನ ಹಿಂಬದಿಯ ರಚನೆ ಮಾತ್ರ ಸೂಕ್ಷ್ಮ ಲೆಕ್ಕಾಚಾರದ ಕೆಲಸ.

ಹಿಂಬದಿ ಅಗಲವಾಗಿದ್ದರೆ ಸವಾರನ ಹಿಮ್ಮಡಿ ಅದಕ್ಕೆ ತಗಲುತ್ತದೆ. ನೆಗೆತದ ನಡುವೆ ಕಾಲು ಪೆಡಲಿನಿಂದ ಜಾರಿದರೆ ಬೀಳುವುದು ಖಚಿತ. ಆದ್ದರಿಂದ ವಿನ್ಯಾಸಕಾರರು ಅದನ್ನು ಕಿರಿದಾಗಿಸಲು ಬಯಸುತ್ತಾರೆ. ಆದರೆ ಎಲ್ಲಿ ಕಿರಿದಾಗಿಸಬೇಕು?

ಮೊದಲು ಹೊಳೆಯುವುದು ಚಕ್ರದ ಅಚ್ಚಿನ ಜಾಗ. ಚೌಕಟ್ಟಿನ ಎರಡು ತುದಿಗಳ ನಡುವೆ ಹಿಂಚಕ್ರಕ್ಕೆ 110 ಮಿ.ಮೀ. ಅಂತರ ಬಿಡುವುದು ರೂಢಿ. ಅದನ್ನು ತಗ್ಗಿಸಿದರೆ, ಕಡ್ಡಿಗಳು ಸೇರುವ ಹಬ್‌ನ ಎರಡು ಅಂಚುಗಳೂ ಹತ್ತಿರವಾಗಬೇಕಾಗುತ್ತದೆ. ಕಂಬಕ್ಕೆ ಬಿಗಿದ ಹಗ್ಗಗಳ ಗೂಟಗಳನ್ನು ಬುಡದ ಸಮೀಪವೇ ನೆಟ್ಟರೆ ಕಂಬ ಓಲಾಡುವುದಿಲ್ಲವೇ? ಹಾಗೆಯೇ ಕಡ್ಡಿಗಳ ಓರೆ ಕಡಿಮೆಯಾದಾಗ ಚಕ್ರ ಅಡ್ಡಬಲಕ್ಕೆ ಸೋಲುತ್ತದೆ. ಸರಪಳಿಯೂ ಟಯರಿನ ಪಕ್ಕಕ್ಕೆ ಸರಿಯುತ್ತದೆ.

ಇನ್ನೊಂದು ದಾರಿ, ಪೆಡಲಿನ ಬಳಿಯಿಂದ ಅಚ್ಚಿನವರೆಗೆ ಚಾಚಿರುವ ಜೋಡಿ ಕೊಳವೆಗಳನ್ನು ಒಳಕ್ಕೆ ತರುವುದು. ಟಯರಿನ ಅಗಲ 2.4 ಇಂಚು, ಅಂದರೆ ಸುಮಾರು 61 ಮಿ.ಮೀ. ಇರಲಿ. ಇಕ್ಕೆಲಗಳಲ್ಲಿ 5 ಮಿ.ಮೀ. ತೆರವು, 19 ಮಿ.ಮೀ. ದಪ್ಪದ ಕೊಳವೆ ಸೇರಿಸಿದರೆ ಒಟ್ಟು 109 ಮಿ.ಮೀ. ಆಯಿತು. ಆ ಜಾಗದಲ್ಲಿ ಕೊಳವೆಗಳನ್ನು ಪಕ್ಕದಿಂದ ಒತ್ತಿ 14 ಮಿ.ಮೀ.ಗೆ ಚಪ್ಪಟೆ ಮಾಡಿದರೆ 99ಕ್ಕೆ ಇಳಿಯುತ್ತದೆ. ಉಳಿದ 10 ಮಿ.ಮೀ. ಹಿಮ್ಮಡಿಗೆ ಸಲ್ಲುತ್ತದೆ. ಆದರೆ ಅತಿಯಾಗಿ ಒತ್ತಿದ ಕೊಳವೆ ಪಕ್ಕಕ್ಕೆ ಬೇಗ ಬಾಗುತ್ತದೆ.

ಹಲ್ಲುಚಕ್ರಗಳೂ ಇಲ್ಲಿ ನೆರವಾದವು. ಹಿಂದೆ ಮುಂಭಾಗದಲ್ಲಿ 44, ಹಿಂಭಾಗದಲ್ಲಿ 16 ಹಲ್ಲುಗಳ ಜೋಡಿ ಬಳಕೆಯಲ್ಲಿತ್ತು, ಅನುಪಾತ 2.75. ಮುಂದೆ 25, ಹಿಂದೆ 9 ಹಲ್ಲುಗಳ ಪುಟ್ಟ ಜೋಡಿ ಬಂದಿತು. ಅದರ ಅನುಪಾತ ಸುಮಾರು 2.78. ಓಟ ಹೆಚ್ಚುಕಡಿಮೆ ಅದೇ. ಮುಂದಿನ ಹಲ್ಲುಚಕ್ರ ಚಿಕ್ಕದಾದುದರಿಂದ ಕೊಳವೆಗೆ ಹೆಚ್ಚು ಎಡೆ ದೊರೆಯಿತು.

ಹೀಗೆ ಒಂದು ಅಳತೆ ಬದಲಾದರೆ ಉಳಿದವೆಲ್ಲ ಮರುಲೆಕ್ಕ ಕೇಳುತ್ತವೆ. ಉಕ್ಕನ್ನು ಕತ್ತರಿಸುವ ಮೊದಲು ಟಯರು, ಸರಪಳಿ, ಕೊಳವೆ, ಹಿಮ್ಮಡಿಗಳನ್ನು ನಿಜಗಾತ್ರದಲ್ಲಿ ಕಾಗದದ ಮೇಲೆ ಬರೆದು ನೋಡುವುದು ಲೇಸು. ಅಲ್ಲಿ ಕಂಡ ತಪ್ಪನ್ನು ರಬ್ಬರಿನಿಂದ ಅಳಿಸಬಹುದು. ಬೆಸುಗೆ ಹಾಕಿದ ಮೇಲೆ ಅದಕ್ಕೆ ಬೆಲೆ ತೆರುವವನು ಸವಾರ.