ಮೊಟ್ಟೆ ಇಡಬಲ್ಲ ಕಣಜ ಇನ್ನೊಂದರ ಮರಿ ಸಾಕೋದ್ಯಾಕೆ?

ಊರಿನ ಮನೆಯ ಮಾಡಿನಡಿ, ಕಿಟಕಿ ಮೂಲೆಯಲ್ಲಿ ಕಾಗದದಂಥ ಗೂಡು ಕಟ್ಟುವ ಕಣಜಗಳನ್ನು ನೋಡದವರು ಕಡಿಮೆ. ಇಂಥದ್ದೇ ಒಂದು ಜಾತಿ ರೊಪಾಲಿಡಿಯಾ ಮಾರ್ಜಿನೇಟಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗ್ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳಿಂದ ಇದರ ಬದುಕನ್ನು ಅಧ್ಯಯನ ಮಾಡಿದ್ದಾರೆ.

ಜೇನುಗೂಡಿನಲ್ಲಿ ರಾಣಿಯ ಮೈಕಟ್ಟೇ ಬೇರೆ. ಈ ಕಣಜದಲ್ಲಿ ಹಾಗಿಲ್ಲ. ರಾಣಿ, ಕೆಲಸಗಾರ್ತಿ ನೋಡೋಕೆ ಒಂದೇ ಥರ. ಕೆಲಸಗಾರ್ತಿಯೂ ಬೇರೆ ಗೂಡು ಕಟ್ಟಿ ಮೊಟ್ಟೆ ಇಡಬಹುದು. ಆದರೂ ಹೆಚ್ಚಿನವು ಅಲ್ಲೇ ಉಳಿದು, ಬೇಟೆ ತಂದು, ರಾಣಿಯ ಮರಿಗಳಿಗೆ ಉಣಿಸುತ್ತವೆ. ಇದರಿಂದ ಅವಕ್ಕೇನು ಲಾಭ?

ಮೊದಲ ಉತ್ತರ ರಕ್ತಸಂಬಂಧ. 1964ರಲ್ಲಿ ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಹ್ಯಾಮಿಲ್ಟನ್ ಇದರ ಲೆಕ್ಕ ಕೊಟ್ಟರು. ತಂಗಿಯಲ್ಲೂ ನಮ್ಮದೇ ವಂಶವಾಹಿಗಳ ಒಂದು ಪಾಲು ಇರುತ್ತೆ. ಆದ್ದರಿಂದ ಸ್ವಂತ ಮರಿ ಇಲ್ಲದಿದ್ದರೂ, ಹತ್ತಿರದ ಸಂಬಂಧಿಗಳ ಮರಿ ಸಾಕಷ್ಟು ಉಳಿದರೆ ನಷ್ಟ ತುಂಬುತ್ತದೆ. ಆದರೆ ಈ ಕಣಜದ ರಾಣಿ ಹಲವು ಗಂಡುಗಳ ಜೊತೆ ಕೂಡುತ್ತದೆ, ರಾಣಿಯರೂ ಆಗಾಗ ಬದಲಾಗುತ್ತಾರೆ. ಸಂಬಂಧ ತೆಳುವಾಗುತ್ತಾ ಹೋಗುತ್ತದೆ. ಬರೀ ರಕ್ತಸಂಬಂಧದಿಂದ ಲೆಕ್ಕ ಕೂಡಿಬರೋದಿಲ್ಲ.

ಇನ್ನೊಂದು ಉತ್ತರ ಸಾವಿನ ಭಯದಲ್ಲಿದೆ. ಮೊಟ್ಟೆ ಕಣಜವಾಗಲು ಸುಮಾರು ಎರಡು ತಿಂಗಳು ಬೇಕು. ಒಂಟಿ ತಾಯಿ ನಲವತ್ತನೇ ದಿನ ಹಕ್ಕಿಯ ಬಾಯಿಗೆ ಬಿದ್ದರೆ ಮರಿಗಳೂ ಹಸಿದು ಸಾಯುತ್ತವೆ, ಅಷ್ಟೂ ದಿನದ ದುಡಿಮೆ ಸೊನ್ನೆ. ಗುಂಪಿನಲ್ಲಿ ಹಾಗಲ್ಲ. ಒಂದು ಕಣಜ ಇಪ್ಪತ್ತೇ ದಿನ ದುಡಿದು ಸತ್ತರೂ, ಅದು ಉಣಿಸಿದ ಮರಿಯನ್ನು ಇನ್ನೊಂದು ಮುಂದುವರಿಸಿ ಸಾಕುತ್ತದೆ. ಅರ್ಧಕ್ಕೆ ನಿಂತ ದುಡಿಮೆಗೂ ಫಲ ಸಿಗುತ್ತದೆ. 1990ರಲ್ಲಿ ಗದಗ್ಕರ್ ಮುಂದಿಟ್ಟ ವಾದ ಇದು.

ಮೂರನೆಯದು, ಕಾಯುವಿಕೆ. ರಾಣಿಯನ್ನು ಗೂಡಿನಿಂದ ತೆಗೆದರೆ ಕೆಲಸಗಾರ್ತಿಯರಲ್ಲಿ ಒಂದು ಕೂಡಲೇ ಜೋರಾಗುತ್ತದೆ. ಉಳಿದವು ಜಗಳವಿಲ್ಲದೆ ಒಪ್ಪಿಕೊಳ್ಳುತ್ತವೆ. ಕೆಲವೇ ದಿನಗಳಲ್ಲಿ ಅದು ಮೊಟ್ಟೆ ಇಡುವ ರಾಣಿ. ಅಂದರೆ ಇಂದು ಉಣಿಸುವವಳಿಗೆ ನಾಳೆ ಗೂಡೇ ಸಿಗಬಹುದು.

ಕಣಜ ಇದನ್ನೆಲ್ಲ ಕೂತು ಯೋಚಿಸೋದಿಲ್ಲ. ಯಾವ ನಡವಳಿಕೆಯಿಂದ ಹೆಚ್ಚು ಸಂಬಂಧಿಗಳು ಉಳಿದರೋ, ಆ ನಡವಳಿಕೆ ತಲೆಮಾರುಗಳಲ್ಲಿ ಉಳಿದುಕೊಂಡಿತು. ಇದರಲ್ಲಿ ರಕ್ತಸಂಬಂಧದಷ್ಟೇ ತೂಕ, ತಾನು ಅರ್ಧಕ್ಕೆ ಬಿಟ್ಟದ್ದನ್ನು ಹೊತ್ತು ನಡೆಸುವವರು ಗೂಡಿನಲ್ಲಿ ಇದ್ದಾರೆ ಅನ್ನೋದಕ್ಕೂ ಇದೆ.