ಹೆಬ್ಬಗೋಡಿಯಲ್ಲಿ ಹುದುಗುವ ಇನ್ಸುಲಿನ್

ಹಳದಿ ಮಾರ್ಗದ ಮೆಟ್ರೊದಲ್ಲಿ ಬೊಮ್ಮಸಂದ್ರ ಇನ್ನೊಂದೇ ನಿಲ್ದಾಣ ಇರುವಾಗ 'ಬಯೋಕಾನ್ ಹೆಬ್ಬಗೋಡಿ' ಬರುತ್ತದೆ. 2025ರ ಆಗಸ್ಟ್‌ನಲ್ಲಿ ರೈಲು ಓಡತೊಡಗಿದ ಮೇಲೆ ಆನೇಕಲ್ ತಾಲ್ಲೂಕಿನ ಈ ಊರಿನ ಹೆಸರೂ ಔಷಧ ಕಂಪನಿಯ ಹೆಸರೂ ಒಂದೇ ಫಲಕದಲ್ಲಿವೆ. ಕೆಳಗೆ ಹೊಸೂರು ರಸ್ತೆ, ಬಿಡುವಿಲ್ಲದ ಲಾರಿಗಳು.

ಕಂಪನಿ ಹುಟ್ಟಿದ್ದು ಇಲ್ಲಲ್ಲ. 1978ರಲ್ಲಿ, ಕೋರಮಂಗಲದ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ. ಬಂಡವಾಳ 10 ಸಾವಿರ ರೂಪಾಯಿ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದ ಸ್ಥಾಪಕಿ ಕಿರಣ್ ಮಜುಂದಾರ್ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಇಲ್ಲಿ ಯಾರೂ ಆ ಕೆಲಸ ಕೊಟ್ಟಿರಲಿಲ್ಲ. ಪಪ್ಪಾಯಿ ಕಾಯಿಯ ಹಾಲಿನಿಂದ ಪಪೇನ್, ಮೀನಿನ ಗಾಳಿಚೀಲದಿಂದ ಬಿಯರ್ ತಿಳಿಯಾಗಿಸುವ ಐಸಿಂಗ್ಲಾಸ್ ತೆಗೆಯುವುದರಿಂದ ಶುರು.

ಬಿಯರಿಗೂ ಇನ್ಸುಲಿನ್ನಿಗೂ ಏನು ನಂಟು? ಹುದುಗಿನ ನಂಟು. ಚಳಿಗಾಲದಲ್ಲಿ ದೋಸೆ ಹಿಟ್ಟು ಉಬ್ಬದಿದ್ದರೆ ಅಡುಗೆಮನೆಯಲ್ಲಿ ಎಷ್ಟು ಚಡಪಡಿಕೆ! ಆ ಚಡಪಡಿಕೆಯೇ ಇಲ್ಲಿ ವಿಜ್ಞಾನ. ಹಿಂದೆ ಹಂದಿ, ದನಗಳ ಮೇದೋಜೀರಕದಿಂದ ಇನ್ಸುಲಿನ್ ತೆಗೆಯುತ್ತಿದ್ದರು. ಈಗ ಮನುಷ್ಯನ ಇನ್ಸುಲಿನ್ನಿನ ವಂಶವಾಹಿಯನ್ನು ಪಿಕಿಯಾ ಎಂಬ ಯೀಸ್ಟ್‌ಗೆ ಸೇರಿಸಿ, ಉಕ್ಕಿನ ದೊಡ್ಡ ತೊಟ್ಟಿಗಳಲ್ಲಿ ಬೆಳೆಸುತ್ತಾರೆ. ಗಾಳಿ, ಬಿಸಿ, ಹುಳಿ ಹದ ತಪ್ಪುವಂತಿಲ್ಲ. ಹೀಗೆ ಬಂದದ್ದನ್ನು ಮತ್ತೆ ಮತ್ತೆ ಶುದ್ಧಗೊಳಿಸಿದರೆ ಔಷಧ. ಬಯೋಕಾನ್‌ನ 'ಇನ್ಸುಜೆನ್' ಮಾರುಕಟ್ಟೆಗೆ ಬಂದದ್ದು 2004ರಲ್ಲಿ. 2021ರಲ್ಲಿ ಕಂಪನಿಯ ಗ್ಲಾರ್ಜಿನ್ ಇನ್ಸುಲಿನ್‌ಗೆ ಅಮೆರಿಕ ಅಪರೂಪದ ಮಾನ್ಯತೆ ಕೊಟ್ಟಿತು: ದುಬಾರಿ ಮೂಲ ಔಷಧದ ಬದಲು ಔಷಧ ಅಂಗಡಿಯವರೇ ಇದನ್ನು ಕೊಡಬಹುದು.

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಮೊಸರಿನ ಪಕ್ಕ ಅಪ್ಪನ ಇನ್ಸುಲಿನ್ ಇರುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಚುಚ್ಚಿಕೊಂಡು, ಹತ್ತು ಎಣಿಸಿ ಸೂಜಿ ತೆಗೆಯುತ್ತಾರೆ. ದಿನವೂ ಇದು ಬೇಕು, ಕೊನೆಯವರೆಗೂ ಬೇಕು. ಅದಕ್ಕೇ ಬಯೋಕಾನ್‌ನ ಸಾಧನೆಗಳಲ್ಲಿ ನನಗೆ ದೊಡ್ಡದೆನಿಸುವುದು 2019ರ ಘೋಷಣೆ: ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ದಿನಕ್ಕೆ 10 ಸೆಂಟ್‌ಗಿಂತ ಕಡಿಮೆ ಬೆಲೆಗೆ ಇನ್ಸುಲಿನ್. ದುಡ್ಡಿಲ್ಲವೆಂದು ಸೂಜಿ ತಪ್ಪಿಸುವ ಮನೆಗಳು ನಮ್ಮ ಸುತ್ತಲೇ ಇವೆ.

ಈಗ ಬೊಜ್ಜಿನ ಔಷಧದ ಸರದಿ. ಉಂಡ ಮೇಲೆ ಕರುಳು ಹೊರಡಿಸುವ ಹಾರ್ಮೋನಿನಂತೆಯೇ ಕೆಲಸ ಮಾಡುವ ಲಿರಾಗ್ಲುಟೈಡ್ ಇನ್ಸುಲಿನ್ ಸ್ರವಿಸಲು ಪ್ರಚೋದಿಸುತ್ತದೆ, ಹಸಿವು ತಗ್ಗಿಸುತ್ತದೆ. ಬಯೋಕಾನ್ ತಯಾರಿಸಿದ ಇದರ ಜೆನೆರಿಕ್‌ಗೆ 2024ರಲ್ಲಿ ಬ್ರಿಟನ್ ಒಪ್ಪಿಗೆ ನೀಡಿತು.

ಹೆಬ್ಬಗೋಡಿಗೆ ಹೋದವರು ಕೆರೆಯನ್ನೂ ನೋಡಬೇಕು. ಕೊಳಚೆ ಸೇರಿ ನಾರುತ್ತಿದ್ದ ಕೆರೆಗೆ ಕಂಪನಿಯ ಪ್ರತಿಷ್ಠಾನ ತೇಲುವ ಗಿಡಮಡಿಗಳನ್ನು ಬಿಟ್ಟಿತು. ಮಣ್ಣಿನ ಆಸರೆಯಿಲ್ಲದೆ ಬೇರುಗಳು ನೀರಿಗೇ ಇಳಿಯುತ್ತವೆ. ಆ ಬೇರುಗಳಿಗೆ ಅಂಟಿಕೊಂಡ ಸೂಕ್ಷ್ಮಜೀವಿಗಳು ಅಲ್ಲಿ ಕೊಳೆ ತಿನ್ನುತ್ತಿರುತ್ತವೆ.