ನಿಂತ ಕಾರಿನಲ್ಲಿ ಕರೆಂಟು ಕದಿಯುವವರಾರು?

ಪರೀಕ್ಷೆಯ ದಿನ ಮಗಳು ಹಾಲ್ ಟಿಕೆಟ್ ಹಿಡಿದು ಕುಳಿತಾಗಲೇ ಕಾರು ‘ಟಕ್’ ಎಂದು ಸುಮ್ಮನಾದರೆ ಬೈಗುಳವೆಲ್ಲ ಬ್ಯಾಟರಿಗೆ. ಹೊಸದನ್ನು ಹಾಕಿಸಿದರೂ ವಾರದೊಳಗೆ ಅದೇ ಹಾಡು!

ನಿಂತ ಕಾರಿನಲ್ಲೂ ಗಡಿಯಾರ, ಅಲಾರಂಗಳಿಗೆ ಒಂದಿಷ್ಟು ವಿದ್ಯುತ್ ಬೇಕು. ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗೆ. ಆದರೆ ಡಿಕ್ಕಿಯ 5 ವಾಟ್ ದೀಪ ಆರದೆ ಉಳಿದರೆ ಸುಮಾರು 0.4 ಆಂಪಿಯರ್ ಎಳೆಯುತ್ತದೆ. 45 ಆಂಪಿಯರ್-ಗಂಟೆಯ ಬ್ಯಾಟರಿ ಐದು ದಿನದೊಳಗೆ ಬರಿದು. ಹೈಸ್ಕೂಲಿನ ಭಾಗಾಕಾರವಷ್ಟೇ.

ಪತ್ತೆಗೆ ಮಲ್ಟಿಮೀಟರ್ ಸಾಕು. ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ನಡುವೆ ಮೀಟರನ್ನು 10 ಆಂಪಿಯರಿಗೆ ಇಟ್ಟು ಜೋಡಿಸಬೇಕು. ಆಗ ಕಾರು ಸ್ಟಾರ್ಟ್ ಮಾಡಹೋದರೆ ಮೀಟರಿನ ಫ್ಯೂಸ್ ಸುಟ್ಟಂತೆಯೇ. ಈಗಿನ ಕಾರುಗಳ ಕಂಪ್ಯೂಟರುಗಳು ‘ಮಲಗುವ’ವರೆಗೆ ಅರ್ಧ ಗಂಟೆಯಾದರೂ ಕಾಯಬೇಕು; ಅವಸರದವರು ಎಡವುವುದು ಇಲ್ಲೇ. ಬಳಿಕ ಒಂದೊಂದೇ ಫ್ಯೂಸ್ ಕೀಳುತ್ತ ಹೋಗಬೇಕು. ಯಾವುದನ್ನು ಕಿತ್ತಾಗ ಮೀಟರಿನ ಅಂಕಿ ಇಳಿಯಿತೋ, ದೋಷವಿರುವುದು ಆ ಸರ್ಕ್ಯೂಟಿನಲ್ಲಿ.